ಹಂಚಿನ ತೂತಿನಿಂದ ದೂರದರ್ಶಕದವರೆಗೆ: ನಮ್ಮ ಕಡೆಯ ಆಕಾಶ ವೀಕ್ಷಣೆಯ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಏನು ಬರೆಯಲಿ ಎಂದು ಯೋಚಿಸಿದೆ. ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟ ದಾನಿಗಳು, ಮುಖ್ಯೋಪಾಧ್ಯಾಯರ ಪರಂಪರೆ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನಾನು ಈ ಶಾಲೆಯಲ್ಲಿ ಕಲಿತವನು, ಮುಂದೆ ವಿಜ್ಞಾನ ಕಲಿಸುವ ಮಾಸ್ತರನಾಗಿ ನಿವೃತ್ತನಾದವನು. ಆದ್ದರಿಂದ ಶಾಲೆಯ ಮೈದಾನದ ಮೇಲಿರುವ ಆಕಾಶದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಆಕಾಶವನ್ನು ನೋಡಲು ಹೆದರುತ್ತಿದ್ದ ನಮ್ಮ ಊರು, ಅದನ್ನು ನೋಡಲು ಸಾಲು ನಿಲ್ಲುವ ಊರಾದದ್ದು ನನ್ನ ಕಣ್ಣೆದುರಿಗೇ ನಡೆದ ಇತಿಹಾಸ.

1980ರ ಫೆಬ್ರವರಿ 16

ಅಂದು ಶನಿವಾರ. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಶಾಲೆ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಆ ದಿನ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣ. ಅರಬ್ಬೀ ಸಮುದ್ರವನ್ನು ದಾಟಿ ಬಂದ ಚಂದ್ರನ ನೆರಳು ಉತ್ತರ ಕನ್ನಡದ ಅಂಕೋಲೆಯ ಹತ್ತಿರ ಕರಾವಳಿಯನ್ನು ಮುಟ್ಟಿ, ಗದಗ, ರಾಯಚೂರುಗಳ ಮೇಲೆ ಹಾದು, ಆಂಧ್ರ, ಒಡಿಶಾಗಳತ್ತ ಸಾಗಿತು. ಬ್ರಹ್ಮಾವರದಲ್ಲಿ ಗ್ರಹಣ ಪೂರ್ಣವಲ್ಲ. ಆದರೂ ಸೂರ್ಯನ ತೊಂಬತ್ತು ಪಾಲಿಗೂ ಮಿಕ್ಕಿ ಮುಚ್ಚಿತ್ತು.

ಊರಿನಲ್ಲಿ ಕರ್ಫ್ಯೂ ಹಾಕಿದ ಹಾಗಿತ್ತು. ಬಸ್ಸುಗಳಲ್ಲಿ ಜನ ಇಲ್ಲ, ಅಂಗಡಿಗಳ ಬಾಗಿಲು ಹಾಕಿತ್ತು. ಮನೆಯಲ್ಲಿ ನೀರಿನ ಕೊಡಪಾನಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಬಿದ್ದಿತ್ತು. ಅಜ್ಜಿ ಜಗಲಿಯ ಬಾಗಿಲಿಗೆ ಅಗಳಿ ಹಾಕಿ, "ಹೊರ್ಗೆ ಹೋಪುಕಾಗ ಮಗಾ, ಕಣ್ಣ್ ಹೋತ್ತ್" ಎಂದು ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಗ್ರಹಣದ ದಿನವೂ ಕಣ್ಣು ಹೋಗುತ್ತದೆ, ಉಳಿದ ದಿನವೂ ಹೋಗುತ್ತದೆ. ಆದರೆ ಗ್ರಹಣದ ದಿನ ಬೆಳಕು ಮಂಕಾಗುವುದರಿಂದ ದಿಟ್ಟಿಸಿ ನೋಡುವ ಆಸೆ ಹುಟ್ಟುತ್ತದೆ, ಅಪಾಯ ಅಲ್ಲಿದೆ.

ಮೂರೂವರೆಯ ಹೊತ್ತಿಗೆ ನಡುಮನೆಯಲ್ಲಿ ಮಲಗಿದ್ದವನು ಎದ್ದು ನೋಡಿದೆ. ನಮ್ಮದು ಹಂಚಿನ ಮನೆ. ಒಂದೆರಡು ಹಂಚು ಸರಿದ ಕಡೆ ಬಿಸಿಲಿನ ಕೋಲು ಒಳಗೆ ಬೀಳುತ್ತಿತ್ತು. ದಿನಾ ಸಗಣಿ ಸಾರಿಸಿದ ನೆಲದ ಮೇಲೆ ಉರುಟಾದ ಬಿಸಿಲಿನ ಬೊಟ್ಟುಗಳು ಬೀಳುವುದನ್ನು ನೋಡಿಯೇ ಬೆಳೆದಿದ್ದೆ. ಅಂದು ಆ ಬೊಟ್ಟುಗಳು ಉರುಟಾಗಿರಲಿಲ್ಲ. ಬಿದಿಗೆಯ ಚಂದ್ರನ ಹಾಗೆ, ಕತ್ತಿಯ ಹಾಗೆ ಬಾಗಿದ್ದವು. ಎಷ್ಟು ತೂತುಗಳಿದ್ದವೋ ಅಷ್ಟೂ ಬಾಗಿದ ಸೂರ್ಯರು. ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಕೈಮುಗಿದರು. ಬೈಯಲಿಲ್ಲ.

ಸೋಮವಾರ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು, "ಯಾರು ಯಾರು ಗ್ರಹಣ ನೋಡಿದಿರಿ?" ಎಂದು ಕೇಳಿದರು. ಒಂದು ಕೈಯೂ ಮೇಲೆ ಏಳಲಿಲ್ಲ. ನಾನು ಎದ್ದು ನಿಂತು ನೆಲದ ಮೇಲೆ ಕಂಡದ್ದನ್ನು ಹೇಳಿದೆ. ಅವರು ಬೋರ್ಡಿನ ಮೇಲೆ ಒಂದು ಸೂರ್ಯ, ಒಂದು ಹಂಚು, ಒಂದು ತೂತು ಬರೆದು ಗೆರೆ ಎಳೆದರು. ಬೆಳಕು ನೇರವಾಗಿ ಸಾಗುವುದರಿಂದ ಸಣ್ಣ ತೂತಿನ ಮೂಲಕ ಬಂದ ಬೆಳಕು ಸೂರ್ಯನ ಚಿತ್ರವನ್ನೇ ನೆಲದ ಮೇಲೆ ಬಿಡಿಸುತ್ತದೆ, ದಿನಾ ಬೀಳುವ ಉರುಟು ಬೊಟ್ಟೂ ತೂತಿನ ಆಕಾರವಲ್ಲ, ಸೂರ್ಯನ ಆಕಾರ ಎಂದು ವಿವರಿಸಿದರು. ಕೊನೆಗೆ, "ಇವನೊಬ್ಬ ಗ್ರಹಣ ನೋಡಿದ್ದಾನೆ" ಎಂದರು. ನಾನು ವಿಜ್ಞಾನದ ಮಾಸ್ತರನಾದದ್ದು ಆ ಒಂದು ಮಾತಿನಿಂದ.

ಒಂದು ಬೇಸರ ಮಾತ್ರ ಉಳಿಯಿತು. ಅಂಕೋಲೆ ನಮಗೆ ಬಸ್ಸಿನಲ್ಲಿ ಒಂದು ಬೆಳಗಿನ ದಾರಿ. ಅಲ್ಲಿ ಹಗಲಲ್ಲೇ ಕತ್ತಲಾಗಿ, ಸೂರ್ಯನ ಸುತ್ತ ಪ್ರಭಾವಲಯ ಕಂಡಿತ್ತು. ನಮ್ಮ ಊರಿಗೆ ಅಷ್ಟು ಹತ್ತಿರ ಬಂದ ಪೂರ್ಣಗ್ರಹಣ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ.

ಹಡಗಿನಲ್ಲಿ ಬಂದವರು

ಮುಂದೆ ಓದುತ್ತ ಹೋದಾಗ ಗೊತ್ತಾಯಿತು, ನಮ್ಮ ನಾಡಿನ ಗ್ರಹಣಗಳನ್ನು ನೋಡಲು ನೂರು ವರ್ಷಗಳ ಹಿಂದೆಯೇ ಸಮುದ್ರ ದಾಟಿ ಜನ ಬಂದಿದ್ದರು.

1868ರ ಆಗಸ್ಟ್ 18ರ ಪೂರ್ಣಗ್ರಹಣಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ಜಮಖಂಡಿಯಲ್ಲಿ ಬಿಡಾರ ಹೂಡಿದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಈತ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನಿಂದ ಏಳುವ ಕೆಂಪು ಜ್ವಾಲೆಗಳು ಬಿಸಿಯಾದ ಅನಿಲದಿಂದಾದವು ಎಂದು ರೋಹಿತದರ್ಶಕದ ಮೂಲಕ ತಿಳಿದುಬಂದದ್ದು ಆ ಗ್ರಹಣದಲ್ಲಿ. ಹೀಲಿಯಂ ಎಂಬ ಧಾತುವಿನ ಸುಳಿವು ಸಿಕ್ಕಿದ್ದೂ ಆ ವರ್ಷದ ಸೂರ್ಯವೀಕ್ಷಣೆಗಳಿಂದಲೇ.

ಮೂರು ವರ್ಷಗಳ ಬಳಿಕ, 1871ರ ಡಿಸೆಂಬರ್ 12ರ ಬೆಳಿಗ್ಗೆ, ಇನ್ನೊಂದು ಪೂರ್ಣಗ್ರಹಣ. ಇದು ನಮ್ಮದೇ ಜಿಲ್ಲೆಯಲ್ಲಿ ನಡೆಯಿತು. ಆಗ ಕುಂದಾಪುರದಿಂದ ಕಾಸರಗೋಡಿನವರೆಗೆ ಎಲ್ಲವೂ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ. ಹೀಲಿಯಂ ಕಥೆಯ ಇನ್ನೊಬ್ಬ ನಾಯಕ ನಾರ್ಮನ್ ಲಾಕಿಯರ್ ಇಂಗ್ಲೆಂಡಿನಿಂದ ತಂಡ ಕಟ್ಟಿಕೊಂಡು ಹಡಗಿನಲ್ಲಿ ಬಂದು, ಬೇಕಲ ಕೋಟೆಯಲ್ಲಿ ದೂರದರ್ಶಕ, ಕ್ಯಾಮೆರಾಗಳನ್ನು ಹೂಡಿದರು. ಕೆಳದಿಯ ನಾಯಕರು ಕಟ್ಟಿಸಿದ ಕೋಟೆ ಒಂದು ಬೆಳಗಿನ ಮಟ್ಟಿಗೆ ವೀಕ್ಷಣಾಲಯವಾಯಿತು. ಕೆಲವೇ ನಿಮಿಷದ ಕತ್ತಲೆಯಲ್ಲಿ ಅವರು ಸೂರ್ಯನ ಪ್ರಭಾವಲಯದ ಫೋಟೋ ತೆಗೆದರು.

ಆದರೆ ಆ ಕೋಟೆಯ ಕೆಳಗಿನ ಊರಿನವರಿಗೆ ಆ ದೂರದರ್ಶಕದಲ್ಲಿ ಕಣ್ಣಿಡುವ ಭಾಗ್ಯ ಇರಲಿಲ್ಲ. ಆಕಾಶ ನಮ್ಮದು, ಕೋಟೆ ನಮ್ಮದು, ನೋಡಿದವರು ಹೊರಗಿನವರು. ಅಂದು ವೀಕ್ಷಣಾಲಯ ಎಂದರೆ ಪಂಡಿತರಿಗೂ ಸರಕಾರಕ್ಕೂ ಸೇರಿದ್ದು.

ನಮ್ಮವರಿಗೆ ಆಕಾಶದ ತಿಳುವಳಿಕೆ ಇರಲಿಲ್ಲ ಎಂದು ಇದರ ಅರ್ಥವಲ್ಲ. ಗ್ರಹಣದ ದಿನ ದಾನ ಕೊಟ್ಟ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ಇತಿಹಾಸಕಾರರು ಆ ಗ್ರಹಣಗಳನ್ನು ಲೆಕ್ಕಹಾಕಿ ಶಾಸನಗಳ ಕಾಲವನ್ನು ಗೊತ್ತುಮಾಡುತ್ತಾರೆ. ಕಡಲಿಗೆ ಹೋಗುವವರು ನಕ್ಷತ್ರ ನೋಡಿ ದಿಕ್ಕು ಹಿಡಿದರು. ರೈತರು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ ಮಳೆಗೆ ಹೆಸರಿಟ್ಟರು. ಲೆಕ್ಕ ಪಂಚಾಂಗದಲ್ಲಿ ಉಳಿಯಿತು. ಕಣ್ಣೆತ್ತಿ ನೋಡುವ ಅಭ್ಯಾಸ ಮಾತ್ರ ಕಡಿಮೆಯಾಗುತ್ತ ಬಂತು.

ಕನ್ನಡದಲ್ಲಿ ಆಕಾಶ

ಆ ಅಭ್ಯಾಸವನ್ನು ಮತ್ತೆ ತಂದವರಲ್ಲಿ ಮೊದಲಿಗರು ನಮ್ಮ ನೆರೆಯವರೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ', ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನಿಗೂ ಗ್ರಹ, ನಕ್ಷತ್ರಗಳ ಸುದ್ದಿ ಕನ್ನಡದಲ್ಲಿ ಸಿಕ್ಕಿತು. ಜಿ.ಟಿ. ನಾರಾಯಣ ರಾಯರು ಊರೂರಿಗೆ ಹೋಗಿ ಜನರನ್ನು ಬಯಲಿಗೆ ಕರೆದು ನಕ್ಷತ್ರ ತೋರಿಸಿದರು, ಪುಸ್ತಕ ಬರೆದರು. 1980ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ನಮ್ಮಂಥ ಶಾಲೆಗಳ ಮೇಜಿನ ಮೇಲೆ ಬಂದು ಕೂತಿತು.

ಉಡುಪಿಯ ದಕ್ಷಿಣಕ್ಕಿರುವ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾಯರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. ಆಕಾಶದಿಂದ ಬರುವ ಎಕ್ಸ್-ಕಿರಣಗಳನ್ನು ಅಳೆಯುವ ಉಪಕರಣವೂ ಅದರಲ್ಲಿತ್ತು. ನಮ್ಮ ಶಾಲೆಗೂ ಆರ್ಯಭಟಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಯಾವಾಗಲೂ "ಅದಮಾರಿನವರು" ಎಂಬುದನ್ನು ಒತ್ತಿ ಹೇಳುತ್ತಿದ್ದೆ. ಮಕ್ಕಳಿಗೆ ಬೇಕಾಗಿದ್ದುದು ಆ ಒಂದು ಪದ.

ಕಾವಲೂರಿನ ಒಂದು ಶನಿವಾರ

ಮಾಸ್ತರನಾದ ಮೇಲೆ ಒಮ್ಮೆ ಕೆಲವು ಸಹೋದ್ಯೋಗಿಗಳೊಡನೆ ಕಾವಲೂರಿಗೆ ಹೋಗಿದ್ದೆ. ಇದು ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿದೆ, ವಾಣಿಯಂಬಾಡಿಯಿಂದ ಒಳಗೆ ಹೋಗಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯ. ಆ ಜಾಗವನ್ನು ಹುಡುಕಿ ಕಟ್ಟಿದವರು ವೇಣು ಬಾಪು. 1982ರಲ್ಲಿ ಅವರು ತೀರಿಕೊಂಡರು. ಅವರ ಕನಸಾಗಿದ್ದ 2.3 ಮೀಟರ್ ದರ್ಪಣದ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಗಿ ಅವರ ಹೆಸರನ್ನೇ ಪಡೆಯಿತು.

ಕಾವಲೂರು ಸಣ್ಣ ಜಾಗವಲ್ಲ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಗ್ರಹ ಮುಚ್ಚುವುದಕ್ಕೆ ಮೊದಲೇ ನಕ್ಷತ್ರದ ಬೆಳಕು ಚಣಚಣ ಮಂಕಾದದ್ದನ್ನು ಗಮನಿಸಿದ ಕೆಲವೇ ತಂಡಗಳಲ್ಲಿ ಕಾವಲೂರಿನದೂ ಒಂದು. ಯುರೇನಸ್ಸಿಗೂ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ತಾತ ಕಂಡುಹಿಡಿದ ಗ್ರಹ, ಜಮಖಂಡಿಯಲ್ಲಿ ಬಿಡಾರ ಹೂಡಿದ ಮೊಮ್ಮಗ, ಕಾವಲೂರಿನಲ್ಲಿ ಮಿಣುಕಿದ ಉಂಗುರ: ಮೂರನ್ನೂ ಜೋಡಿಸಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ನಾವು ಹೋದದ್ದು ಶನಿವಾರ, ಏಕೆಂದರೆ ಸಾರ್ವಜನಿಕರಿಗೆ ಆಕಾಶ ತೋರಿಸುವ ಸಂಜೆ ಅದು. ಮೊದಲು ಸಣ್ಣ ಉಪನ್ಯಾಸ, ಚಿತ್ರಗಳು, ಆಮೇಲೆ ಹೊರಗೆ ಸಾಲು. ದೊಡ್ಡ ಗುಮ್ಮಟದೊಳಗಿನ ದೂರದರ್ಶಕಕ್ಕೆ ಕಣ್ಣಿಟ್ಟು ನೋಡುವ ಕ್ರಮವೇ ಇಲ್ಲ, ಅದರ ಬೆಳಕೆಲ್ಲ ಉಪಕರಣಗಳಿಗೆ ಹೋಗುತ್ತದೆ. ಜನರಿಗೆ ತೋರಿಸಲು ಆರಿಂಚಿನ ಸಣ್ಣ ದೂರದರ್ಶಕ. ಸಾಲಿನಲ್ಲಿ ನಮ್ಮ ಮುಂದೆ ಸುತ್ತಲಿನ ಹಳ್ಳಿಯ ಹೆಂಗಸರು, ಕಂಕುಳಲ್ಲಿ ಮಕ್ಕಳು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ನನ್ನ ಸರದಿ ಬಂದಾಗ ಗುರು ಗ್ರಹ, ಅದರ ಪಕ್ಕದಲ್ಲಿ ಒಂದೇ ಗೆರೆಯಲ್ಲಿ ನಾಲ್ಕು ಚುಕ್ಕಿಗಳು. 1610ರಲ್ಲಿ ಗೆಲಿಲಿಯೋ ನೋಡಿದ್ದ ಅವೇ ನಾಲ್ಕು ಚಂದ್ರರು. ಹತ್ತಿಪ್ಪತ್ತು ವರ್ಷ ಪಾಠ ಮಾಡಿದ್ದೆ, ಕಂಡದ್ದು ಅಂದೇ ಮೊದಲು. ಕಾವಲೂರಿಗೂ ಬ್ರಹ್ಮಾವರಕ್ಕೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಇಲ್ಲ. ಅಲ್ಲಿ ಕಾಣುವ ಆಕಾಶವೇ ನಮ್ಮ ಮೈದಾನದ ಮೇಲೂ ಇದೆ. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಮಾತೆಲ್ಲ ಅದೇ.

ನಮ್ಮ ಮೈದಾನದಲ್ಲಿ

ಕರಾವಳಿಯಲ್ಲಿ ದೊಡ್ಡ ವೀಕ್ಷಣಾಲಯ ಕಟ್ಟುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಉಳಿದ ದಿನ ಕಡಲಿನ ತೇವ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ರಾತ್ರಿಗಳು ಒಂದು ಸಂಜೆಯ ವೀಕ್ಷಣೆಗೆ ಧಾರಾಳ ಸಾಕು. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ, ಡಾ. ಎ.ಪಿ. ಭಟ್ಟರ ಮಾರ್ಗದರ್ಶನದಲ್ಲಿ, ಗ್ರಹಣ, ಗ್ರಹಗಳ ಸಮಾಗಮ ಬಂದಾಗಲೆಲ್ಲ ಜನರನ್ನು ಕರೆದು ತೋರಿಸುತ್ತ ಬಂದಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತಾರಾಲಯ ತೆರೆಯಿತು. ಈಗ ನಮ್ಮ ಮಕ್ಕಳಿಗೆ ಇವೆಲ್ಲ ಒಂದು ದಿನದ ಪ್ರವಾಸ.

ಒಂದು ಫೆಬ್ರವರಿಯಲ್ಲಿ ನಮ್ಮ ಶಾಲೆಯ ಮೈದಾನದಲ್ಲೂ ಅಂಥ ಒಂದು ಸಂಜೆ ನಡೆಸಿದೆವು. ಹವ್ಯಾಸಿಗಳೊಬ್ಬರು ದೂರದರ್ಶಕ ತಂದಿದ್ದರು. ಸಪ್ತಮಿಯ ಆಸುಪಾಸಿನ ದಿನ ಆರಿಸಿಕೊಂಡಿದ್ದೆವು. ಹುಣ್ಣಿಮೆಯ ಚಂದ್ರ ನೋಡಲು ಚಂದ, ದೂರದರ್ಶಕಕ್ಕೆ ಸಪ್ಪೆ. ಅರ್ಧಚಂದ್ರನಲ್ಲಿ ಬೆಳಕು, ಕತ್ತಲೆ ಸೇರುವ ಗೆರೆಯ ಮೇಲೆ ಗುಂಡಿಗಳ ನೆರಳು ಉದ್ದಕ್ಕೆ ಬಿದ್ದು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ. ಇಪ್ಪತ್ತು ನಿಮಿಷ ಮಾತು, ಆಮೇಲೆ ಸಾಲು. ಐವತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆವು. ಗೇಟಿನಾಚೆ ರಸ್ತೆಯವರೆಗೆ ಸಾಲು ಬೆಳೆಯಿತು. ಬೇಲಿಯ ಬದಿ ಚುರುಮುರಿ ಗಾಡಿಯೂ ಬಂತು.

ಸಾಲಿನಲ್ಲಿ ನೆರೆಮನೆಯ ಒಬ್ಬ ಹಿರಿಯ ರೈತರಿದ್ದರು. ಚಂದ್ರನನ್ನು ನೋಡಿದ ಮೇಲೂ ಅವರು ಹೊರಡಲಿಲ್ಲ. ನೆತ್ತಿಯ ಹತ್ತಿರ ಹೊಳೆಯುತ್ತಿದ್ದ ಮಹಾವ್ಯಾಧ ಪುಂಜವನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ನಡುವೆ ಮೂರು ನಕ್ಷತ್ರಗಳ ಸಾಲು, ಅದರ ಮೇಲೆ ಒಂದು ಬದಿಯಲ್ಲಿ ಕೆಂಪಾದ ಒಂದು ದೊಡ್ಡ ನಕ್ಷತ್ರ. "ಇದೇ ಆರಿದ್ರಾ" ಎಂದೆ. ಅವರು ಹತ್ತಿರ ಬಂದು, "ಆರಿದ್ರಾ ಅಂದ್ರೆ ಮಳೆ ಅಲ್ದಾ?" ಎಂದರು.

ಆಗ ವಿವರಿಸಿದೆ. ಸೂರ್ಯ 27 ನಕ್ಷತ್ರಗಳ ದಾರಿಯಲ್ಲಿ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ ಮೂರನೆಯ ವಾರ ಕಳೆಯುತ್ತಲೇ ಆರಿದ್ರೆಯನ್ನು ಹೊಗುತ್ತಾನೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಹಗಲಿನ ಬೆಳಕಿನಲ್ಲಿ, ಮಳೆಯ ಮೋಡದ ಹಿಂದೆ, ಅದು ಕಾಣುವುದೇ ಇಲ್ಲ. ಯಾವ ನಕ್ಷತ್ರದ ಹೆಸರು ಹೇಳಿ ನೇಜಿ ನೆಡುತ್ತೇವೆಯೋ ಅದು ಆಗ ಕಣ್ಣಿಗೆ ಬೀಳುವುದಿಲ್ಲ, ಬೇಸಾಯ ಮುಗಿದ ಮೇಲೆ ಮಾಘ ಮಾಸದ ರಾತ್ರಿಯಲ್ಲಿ ನೆತ್ತಿಗೆ ಬಂದು ನಿಲ್ಲುತ್ತದೆ. ಅದರ ಬೆಳಕು ನಮ್ಮನ್ನು ಮುಟ್ಟಲು ಐನೂರು ವರ್ಷಗಳಿಗೂ ಹೆಚ್ಚು ಬೇಕು. ಬಾರ್ಕೂರು ವಿಜಯನಗರದ ಅರಸರ ಕೆಳಗೆ ಒಂದು ರಾಜ್ಯದ ರಾಜಧಾನಿಯಾಗಿದ್ದ ಕಾಲದಲ್ಲಿ ಹೊರಟ ಬೆಳಕು ಅದು.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಕಾಣಿ ಮಾಷ್ಟ್ರೇ, ಅರವತ್ತ್ ವರ್ಷ ಇದ್ರ ಹೆಸ್ರ್ ಹೇಳಿ ಗದ್ದಿ ಹೂಡ್ದೆ. ಮುಖ ಕಂಡದ್ ಇವತ್ತೇ" ಎಂದರು. ನಾನು ಮಾಡಿದ ಎಲ್ಲ ಪಾಠಗಳಿಗೂ ಆ ಒಂದು ಮಾತೇ ಸಂಬಳ.

ಮತ್ತೆ ಬೇಕಲದ ಮೇಲೆ

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ಅದರ ದಾರಿ ಕಾಸರಗೋಡಿನ ಚೆರುವತ್ತೂರಿನ ಮೇಲೆ ಹಾದಿತ್ತು. ಬೇಕಲವೂ ಅದರೊಳಗೆ ಬಂತು. ಲಾಕಿಯರ್ ನಿಂತಿದ್ದ ಕೋಟೆಯ ಮೇಲೆ 148 ವರ್ಷಗಳ ಬಳಿಕ, ಅದೇ ಡಿಸೆಂಬರ್ ತಿಂಗಳಲ್ಲಿ, ಮತ್ತೆ ಚಂದ್ರನ ನೆರಳು. ಆದರೆ ಈ ಸಲ ನೋಡಿದವರು ಊರಿನವರೇ. ಮೈದಾನ, ಕಡಲತೀರಗಳಲ್ಲಿ ಮಕ್ಕಳು, ಮುದುಕರು ಗ್ರಹಣದ ಕನ್ನಡಕ ಹಾಕಿಕೊಂಡು ನಿಂತಿದ್ದರು. ಬ್ರಹ್ಮಾವರದಲ್ಲಿ ಬಳೆ ಪೂರ್ತಿಯಾಗಲಿಲ್ಲ, ತೆಳ್ಳಗಿನ ಕುಡುಗೋಲಿನಂತೆ ಉಳಿಯಿತು.

ಅಂದು ಎಲ್ಲರೂ ಹೊರಗೆ ಬಂದರು ಎಂದರೆ ಸುಳ್ಳಾಗುತ್ತದೆ. ಬಾಗಿಲು ಹಾಕಿದ ಮನೆಗಳೂ ಬೇಕಾದಷ್ಟಿದ್ದವು. ಅವರನ್ನು ಹೀಯಾಳಿಸಿ ಪ್ರಯೋಜನ ಇಲ್ಲ. ಉಪವಾಸ, ಸ್ನಾನ, ಜಪ ಅವರವರ ಶ್ರದ್ಧೆ. ಹೆದರಿಕೆ ಬೇರೆ. ಹೆದರಿಕೆ ಉಪನ್ಯಾಸದಿಂದ ಹೋಗುವುದೂ ಇಲ್ಲ. ಪಕ್ಕದ ಮನೆಯವರು ನೋಡಿ ಏನೂ ಆಗದೆ ಬಂದು ಕಥೆ ಹೇಳಿದಾಗ ಹೋಗುತ್ತದೆ. ನನ್ನ ಅಜ್ಜಿ ನೆಲದ ಮೇಲಿನ ಸೂರ್ಯನಿಗೆ ಕೈಮುಗಿದದ್ದನ್ನು ನೆನೆಸಿಕೊಳ್ಳುತ್ತೇನೆ. ಅವರು ಶ್ರದ್ಧೆಯನ್ನು ಬಿಡಲಿಲ್ಲ, ನೋಡದೆಯೂ ಇರಲಿಲ್ಲ.

ಈಗಿನ ತೊಂದರೆ ಬೇರೆ

1980ರಲ್ಲಿ ನಮ್ಮಲ್ಲಿ ದೂರದರ್ಶಕ ಇರಲಿಲ್ಲ, ಆಕಾಶ ಇತ್ತು. ಆಟ ಮುಗಿಸಿ ಬೆಳಗಿನ ಜಾವ ಗದ್ದೆಯಂಚಿನಲ್ಲಿ ನಡೆದು ಬರುವಾಗ ಕ್ಷೀರಪಥ ನೆತ್ತಿಯ ಮೇಲೆ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ಈಗ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ದೀಪ, ಅಂಗಡಿಗಳ ಫಲಕ, ಮನೆಮನೆಯ ಅಂಗಳದಲ್ಲಿ ರಾತ್ರಿಯಿಡೀ ಎಲ್‌ಇಡಿ. ಬೆಳಕು ಬೇಡ ಎನ್ನಲಾರೆ, ರಾತ್ರಿ ನಡೆಯುವವರಿಗೆ ಅದು ಬೇಕು. ಆದರೆ ನೆಲಕ್ಕೆ ಬೀಳಬೇಕಾದ ಬೆಳಕು ಮೇಲಕ್ಕೆ ಹೋಗಿ ಯಾರಿಗೂ ಉಪಕಾರವಿಲ್ಲ. ದೀಪಕ್ಕೆ ಒಂದು ಮುಚ್ಚಳ ಹಾಕಿದರೆ ದಾರಿಯೂ ಕಾಣುತ್ತದೆ, ನಕ್ಷತ್ರವೂ ಉಳಿಯುತ್ತದೆ. ನಮ್ಮ ಕಾಲದ ಮಕ್ಕಳನ್ನು ಹೆದರಿಕೆ ಒಳಗೆ ಕೂರಿಸಿತ್ತು. ಈಗಿನ ಮಕ್ಕಳು ಹೊರಗೆ ಬಂದರೂ ನೋಡಲು ಏನೂ ಇಲ್ಲದಂತಾಗಬಾರದು.

ಈ ಸಂಚಿಕೆಯನ್ನು ಓದುವ ಹಳೆ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದು ಅನೇಕರು ಕೇಳುತ್ತಿದ್ದಾರೆ. ಒಂದು ಸಣ್ಣ ದೂರದರ್ಶಕ ಕೊಡಿ. ಅದಕ್ಕಿಂತ ಹೆಚ್ಚಾಗಿ, ವರ್ಷಕ್ಕೊಂದು ಸಂಜೆ, ಸಂಕ್ರಾಂತಿ ಕಳೆದ ಮೇಲೆ, ಶಾಲೆಯ ಗೇಟು ಊರಿಗೆಲ್ಲ ತೆರೆದಿರಲಿ, ಎರಡು ಗಂಟೆಯ ಹೊತ್ತು ಸುತ್ತಲಿನ ಮನೆಗಳ ಹೊರದೀಪ ಆರಲಿ. ದುಡ್ಡಿಲ್ಲದೆ ಮಾಡುವ ಕೆಲಸವೂ ಇದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಸೂರ್ಯ ನಮ್ಮ ಊರಿನ ನೆತ್ತಿಗೆ ಸರಿಯಾಗಿ ಬರುತ್ತಾನೆ. ಅಂದು ಧ್ವಜಕಂಬಕ್ಕೆ ನೆರಳೇ ಇರುವುದಿಲ್ಲ. ಅದನ್ನು ನೋಡಲು ಕಣ್ಣೊಂದು ಸಾಕು.

2031ರ ಮೇ 21ರಂದು ಇನ್ನೊಂದು ಕಂಕಣಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ನಮ್ಮಲ್ಲೂ ಸೂರ್ಯ ಬಹುಪಾಲು ಮರೆಯಾಗುತ್ತಾನೆ. ಆಗ ರಜೆಯ ದಿನಗಳು, ಇಂದು ಕಿರಿಯ ತರಗತಿಗಳಲ್ಲಿರುವ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿರುತ್ತಾರೆ. 1986ರಲ್ಲಿ ಬಂದುಹೋದ ಹ್ಯಾಲಿ ಧೂಮಕೇತು 2061ರಲ್ಲಿ ಮತ್ತೆ ಬರುತ್ತದೆ. ಆಗ ಅದನ್ನು ಅವರೇ ತಮ್ಮ ಮೊಮ್ಮಕ್ಕಳಿಗೆ ತೋರಿಸಲಿ. ಆ ದಿನ ಈ ಮೈದಾನದಲ್ಲಿ ಯಾರಾದರೂ "ಯಾರು ಯಾರು ನೋಡಿದಿರಿ?" ಎಂದು ಕೇಳಿದರೆ ಎಲ್ಲ ಕೈಗಳೂ ಮೇಲೆ ಏಳಲಿ.